ಉಣ್ಣೆ ಎಂದೆ

ಮೊನ್ನೆ ಬೀರು ಒರೆಸುವಾಗ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಗಾಜಿನ ಪಟ್ಟಿ ಸಿಕ್ಕಿತು. ಮೇಲೆ ನಾಯಿಯ ರಕ್ತದ ತೆಳು ಲೇಪ, ಮಾಸಿದ ನೇರಳೆ ಬಣ್ಣ. ಜವನಗೊಂಡನಹಳ್ಳಿಯ ಕುರಿಗಾಹಿ ಅಜ್ಜ ನೆನಪಾದ…

ನಾನಾಗ ಹಿರಿಯೂರಿಗೆ ಹೊಸದಾಗಿ ಬಂದ ಪಶುವೈದ್ಯ. ಹೊರಗಿನವನು, ಓದಿದವನೆಂಬ ಜಂಬ ಬೇರೆ. ಅಜ್ಜ ಮಂದೆ ಕಾಯುವ ನಾಯಿಯನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ಮೈ ಸುಡುತ್ತಿತ್ತು, ಮೂಗಿನಿಂದ ರಕ್ತ ಸೋರುತ್ತಿತ್ತು.

ಸೂಕ್ಷ್ಮದರ್ಶಕದಲ್ಲಿ ರೋಗಾಣು ಕಂಡಿತು. ರೋಗದ ಜೊತೆ ಹೊಡೆದಾಡಬೇಕಾದ ಬಿಳಿ ರಕ್ತಕಣದೊಳಗೇ ಸೇರಿ, ಹಿಪ್ಪುನೇರಳೆ ಹಣ್ಣಿನಂತೆ ಗೊಂಚಲು ಕಟ್ಟಿಕೊಂಡು ಕೂತಿತ್ತು. ಅಜ್ಜನಿಗೂ ತೋರಿಸಿ ವಿವರಿಸಿದೆ.

"ಕಾವಲಿನೋನ ಮನೇಲೇ ಕಳ್ಳ ಸೇರ್ಕಂಡಾನಲ್ರಿ" ಎಂದ.

ಮಾತ್ರೆ ಕೊಟ್ಟೆ. "ಇದು ಉಣ್ಣೆಯಿಂದ ಬರುವ ಕಾಯಿಲೆ ಅಜ್ಜ. ಉಣ್ಣೆ ಮೈಗೆ ತಾಗದ ಹಾಗೆ ನೋಡಿಕೊಳ್ಳಿ" ಎಂದೆ. ಅಜ್ಜ ತಲೆಯಾಡಿಸಿ ಹೋದ.

ನಾಯಿ ವಾರದಲ್ಲೇ ಎದ್ದು ಓಡಾಡಿತಂತೆ. ನಾನು ಬೀಗಿದೆ. ಎರಡು ತಿಂಗಳಾದ ಮೇಲೆ ಅಜ್ಜ ಮತ್ತೆ ಹೊತ್ತು ತಂದ. ಒಸಡು ಸುಣ್ಣದಂತೆ ಬಿಳಿಚಿತ್ತು, ಕಿವಿಯ ತುಂಬ ರಕ್ತ ಹೀರುವ ಹುಳು. ನನಗೆ ರೇಗಿತು.

"ಉಣ್ಣೆ ತಾಗಿಸಬೇಡಿ ಅಂತ ಹೇಳಿರಲಿಲ್ವಾ? ಇದೇನು ಮತ್ತೆ?"

ಅಜ್ಜ ಹುಳುವನ್ನೂ ನನ್ನನ್ನೂ ನೋಡಿದ. "ಇದು ಉಣುಗು ಅಲ್ವೇನ್ರಿ? ಉಣ್ಣೆ ಅಂದ್ರೆ ಕುರೀದು…"

ನಮ್ಮ ಕಡೆ ಆ ಹುಳುವಿಗೂ ಉಣ್ಣೆ ಎನ್ನುತ್ತಾರೆ. ಕುರಿ ಸಾಕುವ ಅಜ್ಜನಿಗೆ ಉಣ್ಣೆ ಎಂದರೆ ಕಂಬಳಿ ನೇಯುವ ಉಣ್ಣೆ, ಅಷ್ಟೇ. ಅದಕ್ಕೇ ನಾಯಿಯನ್ನು ಮಂದೆಯಿಂದ ಬಿಡಿಸಿ, ದೂರದ ಪಾಳು ಕೊಟ್ಟಿಗೆಯಲ್ಲಿ ಕಟ್ಟಿದ್ದ. ಈ ಹುಳು ಮನೆ ಮಾಡಿಕೊಳ್ಳುವುದೇ ಅಂಥ ಗೋಡೆಯ ಬಿರುಕುಗಳಲ್ಲಿ. ಒಂದು ನಾಯಿಯ ರಕ್ತದಿಂದ ರೋಗಾಣುವನ್ನು ಹೀರಿ ಇನ್ನೊಂದಕ್ಕೆ ದಾಟಿಸುತ್ತದೆ. ನಾನೇ ಅದರ ಬಾಯಿಗೆ ನಾಯಿಯನ್ನು ಕೊಟ್ಟಂತಾಗಿತ್ತು.

"ಒಂದೇ ಇದ್ರೆ ಅಳ್ತಿತ್ತು ಸಾರ್. ಪಕ್ಕದಾಗೇ ಮಲಗ್ತಿದ್ದೆ. ಉಣ್ಣೆ ತಾಗಬಾರ್ದಲ್ಲ, ಚಳಿಗೆ ಕಂಬಳೀನೂ ಹೊದ್ಕಳಲಿಲ್ಲ" ಎಂದ ಅಜ್ಜ.

ಮೂರನೆಯ ದಿನ ನಾಯಿ ಸತ್ತಿತು. ತಪ್ಪು ನನ್ನದೇ ಎಂದು ಅಜ್ಜನಿಗೆ ಹೇಳಿದೆ. ಅವನು ನಾಯಿಯ ಕಿವಿ ಸವರುತ್ತ ಕೂತಿದ್ದ.

"ಉಣುಗು ಅಂದಿದ್ರೆ ದಿನಾ ಕೂತು ಕಿತ್ತಾಕ್ತಿದ್ದೆ" ಎಂದ, ಅಷ್ಟೇ.

ಅಜ್ಜ ಹೋಗಿ ಎಷ್ಟೋ ವರ್ಷಗಳಾದವು. ಅಂದು ಅವನು ನಾಲ್ಕು ಮಾತು ಬೈದಿದ್ದರೆ ನಾನು ಇಷ್ಟು ಹೊತ್ತಿಗೆ ಮರೆತಿರುತ್ತಿದ್ದೆ.