ಅಕ್ಕನ ದಿಂಬಿನ ಬಿಳಿ ಮಚ್ಚೆ

ಮೊಡವೆ ಎಂದರೆ ಹರೆಯದ ಮಕ್ಕಳ ಮುಖದ ಮೇಲೆ ನಾಲ್ಕು ದಿನ ಕೂತು ಎದ್ದು ಹೋಗುವ ನೆಂಟ ಎಂದೇ ಗುಬ್ಬಿಯಲ್ಲಿ ನಮ್ಮ ಬೀದಿಯವರೆಲ್ಲರ ತಿಳಿವಳಿಕೆ. ನನ್ನ ಅಕ್ಕನಿಗೆ ಆ ವಯಸ್ಸಿನಲ್ಲಿ ಒಂದೇ ಒಂದು ಗುಳ್ಳೆ ಏಳಲಿಲ್ಲ. ಇಪ್ಪತ್ತೇಳು ದಾಟಿದ ಮೇಲೆ ಎದ್ದವು, ಎದ್ದಂಥವು ಹೋಗಲಿಲ್ಲ. ಹಣೆ, ಮೂಗು ಎಲ್ಲ ಚೊಕ್ಕವಾಗಿಯೇ ಇತ್ತು. ದವಡೆಯ ಅಂಚು, ಗದ್ದ, ಕಿವಿಯ ಕೆಳಗೆ ಮಾತ್ರ ಒಳಗೊಳಗೇ ಗಂಟು ಕಟ್ಟಿಕೊಂಡು, ಮುಟ್ಟಿದರೆ ಜೀವ ಹಿಂಡುವ ಗುಳ್ಳೆಗಳು. ಒಂದು ಆರಿ ಕಪ್ಪು ಕಲೆಯಾಗುವ ಹೊತ್ತಿಗೆ ಅದರ ಪಕ್ಕದಲ್ಲೇ ಇನ್ನೊಂದು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ಮನೆಯಲ್ಲಿ ಅಪ್ಪ, ಅವ್ವ, ಅಜ್ಜಿ, ನಾವಿಬ್ಬರು. ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ. ಅಕ್ಕ ತುಮಕೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರಿಂದೂರಿಗೆ ಟ್ರಂಕ್ ಕಾಲ್ ಜೋಡಿಸಿ ಕೊಡುವ ಕೆಲಸ. ನಾನು ಅಲ್ಲಿನ ಕಾಲೇಜಿನಲ್ಲಿ ಓದುತ್ತಿದ್ದೆ. ಬೆಳಗಿನ ರೈಲಿನಲ್ಲಿ ಇಬ್ಬರೂ ಒಟ್ಟಿಗೆ ಹೋಗಿ ಬರುತ್ತಿದ್ದೆವು. ಅಕ್ಕ ಯಾವಾಗಲೂ ಕಿಟಕಿಯ ಕಡೆ ತಿರುಗಿ, ಅಂಗೈಯಲ್ಲಿ ಗದ್ದ ಇಟ್ಟುಕೊಂಡು ಕೂರುತ್ತಿದ್ದಳು. ಹೊರಗೆ ನೋಡುವುದರಲ್ಲಿ ಮೈಮರೆತಿದ್ದಾಳೆ ಎಂದು ನೋಡಿದವರು ಅಂದುಕೊಳ್ಳಬೇಕು, ಹಾಗೆ.

ಅಜ್ಜಿಯದು ಒಂದೇ ತೀರ್ಮಾನ. "ಉಷ್ಣ ಕಣೇ, ಎಲ್ಲಾ ಉಷ್ಣ. ದಿನಾ ಕಿವಿಗೆ ಕಟ್ಕೊಂಡು ಕೂತಿರ್ತಾಳಲ್ಲ ಆ ಕರೆಂಟಿನ ಯಂತ್ರ, ಅದರ ಕಾವು ನೇರ ದವಡೆಗೆ ಹೊಡೀತದೆ." ಆ ಕಾವು ಇಳಿಸಲು ಅಕ್ಕನಿಗೆ ಹರಳೆಣ್ಣೆ ಕುಡಿಸಿದರು. ರಕ್ತಚಂದನ ತೇಯ್ದು ಹಚ್ಚಿದರು. ಅರಿಶಿನ, ಕಡ್ಲೆಹಿಟ್ಟು, ಬೇವಿನಸೊಪ್ಪು, ಕೊನೆಗೆ ಯಾರೋ ಹೇಳಿದರೆಂದು ನಿಂಬೆಹಣ್ಣಿನ ಹೋಳು. ಅದು ಹಾಕಿದ ಬೆಳಿಗ್ಗೆ ಅಕ್ಕ ಬಚ್ಚಲಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು. ಕೊಳೆಯಿಂದ ಬರುತ್ತದೆ ಎಂದು ಯಾರೋ ಅಂದದ್ದಕ್ಕೆ ತೆಂಗಿನ ನಾರು ತೆಗೆದುಕೊಂಡು ಉಜ್ಜಿದ್ದೂ ಉಂಟು.

ನಲ್ಲಿಯ ಹತ್ತಿರ ಎದುರುಮನೆಯಾಕೆ ಕೊಡ ಇಳಿಸುತ್ತಾ ಅಕ್ಕನನ್ನು ಕೇಳುವಳು: "ಏನ್ಲೇ, ತಾಯಿ ಆಗೋ ವಯಸ್ನಾಗೆ ಹುಡುಗ್ರಂಗೆ ಗುಳ್ಳೆ ಬಂದೈತಲ್ಲೇ! ಒಂದು ಮದ್ವೆ ಆಗ್ಬುಡು, ತಂತಾನೇ ಹೋಯ್ತವೆ." ಮದುವೆಯಾದರೆ ಗುಳ್ಳೆ ಹೋಗುತ್ತವಂತೆ. ಗುಳ್ಳೆ ಹೋಗದೆ ಮದುವೆಯಾಗುವ ಹಾಗಿರಲಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಏಳುತ್ತಿದ್ದರು.

ಆದರೆ ಅಕ್ಕನ ದನಿಗೆ ಮೊಡವೆ ಇರಲಿಲ್ಲ. ಕುಣಿಗಲ್ ಎಕ್ಸ್‌ಚೇಂಜಿನಲ್ಲಿ ಒಬ್ಬ ಆಪರೇಟರ್ ಇದ್ದರು. ಅವರ ಲೈನು ಅಕ್ಕ ಕಾಲ್ ಜೋಡಿಸುವ ಬೋರ್ಡಿಗೇ ಬರುತ್ತಿತ್ತು. ಆಪರೇಟರುಗಳು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. "ತುಮಕೂರು, ಊಟ ಆಯ್ತಾ?" ಎಂದು ಅವರು ಕೇಳಿದರೆ ಅಕ್ಕ, "ಕುಣಿಗಲ್, ಮೊದ್ಲು ನಿಮ್ಮ ಪಾರ್ಟಿಗೆ ಲೈನು ಕೊಡಿ, ಅವರು ಹಸ್ಕೊಂಡಿದಾರೆ" ಅನ್ನುವಳು. ಪಾರ್ಟಿ ಎಂದರೆ ಕಾಲ್ ಬರೆಸಿ ಕಾದು ಕೂತವರು. ಇದನ್ನೆಲ್ಲ ರೈಲಿನಲ್ಲಿ ನನಗೆ ಹೇಳುವಾಗ ಅವಳ ಕೈ ಗದ್ದದಿಂದ ಇಳಿದಿರುತ್ತಿತ್ತು.

ಒಮ್ಮೆ ಅವರು ಕೆಲಸದ ಮೇಲೆ ತುಮಕೂರಿಗೆ ಬಂದು ಅಕ್ಕನನ್ನು ನೋಡಿಯೇಬಿಟ್ಟರು. ಮರುದಿನ ಅಕ್ಕನೇ ಧೈರ್ಯ ಮಾಡಿ ಕೇಳಿದಳಂತೆ, "ಕುಣಿಗಲ್, ನನ್ನ ಮುಖ ನೋಡಿದ್ರಲ್ಲ?"

"ನೋಡ್ದೆ. ನಮ್ಮ ಚಿಕ್ಕಪ್ಪಂಗೂ ಹಂಗೇ ಇತ್ತು. ತುಂಬಾ ಒಳ್ಳೆ ಮನುಷ್ಯ."

ಅಕ್ಕ ಇದನ್ನು ಹೇಳಿಕೊಂಡು ಗುಬ್ಬಿಯವರೆಗೂ ನಕ್ಕಳು. ಅಷ್ಟು ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ.

ಹಿರಿಯರು ಹಿರಿಯರು ಮಾತಾಡಿದರು, ಜಾತಕ ಕೂಡಿತು. ಅವರ ತಾಯಿ ಒಂದು ಸಲ ಬಂದು, ಗುಳ್ಳೆ ನೋಡಿಯೂ, "ಮಗನಿಗೆ ಒಪ್ಪಿಗೆ ಆದ್ಮೇಲೆ ನಂದೇನೈತೆ" ಅಂದರು. ಇನ್ನು ಲಗ್ನ ಇಡುವುದೊಂದು ಬಾಕಿ. ಆಗ ಅಕ್ಕನಿಗೆ ಹಟ ಬಂತು. "ಮದ್ವೆ ಫೋಟೋದಲ್ಲಾದ್ರೂ ನಾನು ನನ್ನ ಥರ ಕಾಣ್ಬೇಕು ಕಣೇ. ಬಾ, ಡಾಕ್ಟರ ಹತ್ರ ಹೋಗಣ."

ತುಮಕೂರಿನಲ್ಲಿ ಮಹಡಿಯ ಮೇಲೆ ಒಬ್ಬ ಚರ್ಮದ ಡಾಕ್ಟರಿದ್ದರು. ಕೆಳಗೆ ಬೋರ್ಡು: ಚರ್ಮ, ತೊನ್ನು, ಕುಷ್ಠರೋಗ ತಜ್ಞರು. ಆ ಮೆಟ್ಟಿಲು ಹತ್ತುವಾಗ ಅಕ್ಕ ತಲೆಯ ಮೇಲೆ ಸೆರಗು ಹೊದ್ದುಕೊಂಡಳು. ಡಾಕ್ಟರು ವಯಸ್ಸಾದವರು. ಮುಖ ನೋಡಿ, ಮೊದಲು ಕೇಳಿದ್ದು ಮುಖದ ಮಾತಲ್ಲ.

"ತಿಂಗಳಿಗೆ ಸರಿಯಾಗಿ ಮುಟ್ಟಾಗ್ತೀರೇನಮ್ಮ?"

ಅಕ್ಕ ನನ್ನ ಕಡೆ ನೋಡಿದಳು. "ಇಲ್ಲ ಸಾರ್. ಎರಡು ತಿಂಗಳು, ಒಂದೊಂದ್ಸಲ ಮೂರು."

"ಅದೇ ಮತ್ತೆ. ಇದು ಕೊಳೆ ಅಲ್ಲ, ಉಷ್ಣ ಅಲ್ಲ. ಒಳಗೆ ಹಾರ್ಮೋನು ಏರುಪೇರಾದಾಗ ಹಿಂಗಾಗುತ್ತೆ. ನಿಮ್ಮ ತಪ್ಪೇನಿಲ್ಲ. ಉಜ್ಜಿ ಉಜ್ಜಿ ಮುಖಾನ ಯಾಕಮ್ಮ ಶಿಕ್ಷಿಸ್ತೀರ?"

ನಿಮ್ಮ ತಪ್ಪೇನಿಲ್ಲ ಎಂದು ಅವಳಿಗೆ ಹೇಳಿದವರಲ್ಲಿ ಅವರೇ ಮೊದಲಿಗರು. ಚೀಟಿಯಲ್ಲಿ ಒಂದು ಕ್ರೀಮು ಬರೆದುಕೊಟ್ಟರು. ಮಲಗುವ ಮುಂಚೆ ಹುರುಳಿ ಕಾಳಿನಷ್ಟು, ತೆಳ್ಳಗೆ. ದಿನಕ್ಕೆ ಎರಡು ಸಲ ಮೆತ್ತನೆಯ ಸೋಪಿನಲ್ಲಿ ಬರಿ ಅಂಗೈಯಿಂದ ತೊಳೆಯಬೇಕು, ಒರೆಸಬಾರದು, ಒತ್ತಿಕೊಳ್ಳಬೇಕು. ಅರಿಶಿನ ಬೇಡ, ಎಣ್ಣೆ ಬೇಡ, ಹಿಸುಕುವುದಂತೂ ಬೇಡವೇ ಬೇಡ. ಮೊದಮೊದಲು ಸಿಪ್ಪೆ ಏಳುತ್ತದೆ, ಹೆದರಬೇಡಿ, ಎರಡು ತಿಂಗಳಾದರೂ ಕಾಯಬೇಕು. ನಾವು ಏಳುವಾಗ, "ಬಿಳೀ ಟವಲ್ಲೇ ಇಟ್ಕೊಳಮ್ಮ" ಎಂದರು. ಚೊಕ್ಕಟಕ್ಕೆ ಹೇಳುತ್ತಿದ್ದಾರೆ ಎಂದುಕೊಂಡೆವು. ಅಕ್ಕ ಒಂದು ಬಿಳಿ ಟವಲ್ ಬೇರೆ ಇಟ್ಟುಕೊಂಡಳು. ದಿಂಬಿನ ವಿಚಾರ ಅವರೂ ಹೇಳಲಿಲ್ಲ, ನಮಗೂ ಹೊಳೆಯಲಿಲ್ಲ.

ಮೊದಲ ವಾರಗಳಲ್ಲಿ ಮುಖ ಕೆಂಪಾಗಿ ಸಿಪ್ಪೆ ಎದ್ದಿತು. "ಹಾವು ಪೊರೆ ಬುಟ್ಟಂಗೆ ಬುಡ್ತಾವ್ಳಲ್ಲಪ್ಪ!" ಎಂದು ಅಜ್ಜಿ ಗೋಳಾಡಿತು. ಅಕ್ಕ ಬಿಡಲಿಲ್ಲ. ಮೆಲ್ಲಗೆ ಹಳೆಯ ಗಂಟುಗಳು ಕರಗಿದವು, ಹೊಸವು ಏಳುವುದು ನಿಧಾನವಾಯಿತು. ಒಂದು ಬೆಳಿಗ್ಗೆ ರೈಲಿನಲ್ಲಿ ನೋಡುತ್ತೇನೆ, ಅಕ್ಕನ ಎರಡೂ ಕೈ ಮಡಿಲಲ್ಲಿವೆ. ಕಿಟಕಿಯ ಬಿಸಿಲು ನೇರ ಅವಳ ದವಡೆಯ ಮೇಲೆ ಬೀಳುತ್ತಿದೆ. ನಾನು ಬೇರೆ ಕಡೆ ತಿರುಗಿಕೊಂಡೆ. ಕಣ್ಣು ತಾಗೀತೆಂದು ಭಯ.

ಆ ದಿನಗಳಲ್ಲೇ ಕುಣಿಗಲ್ಲಿನ ತಾಯಿ ಲಗ್ನ ಇಡುವ ಮಾತಿಗೆಂದು ಬಂದರು. ಅಕ್ಕನ ಮುಖ ನೋಡಿ ಹಿಗ್ಗಿದರು. ಊಟಕ್ಕೆ ಮುಂಚೆ ಕೈ ತೊಳೆಯಲು ಹಿತ್ತಲಿಗೆ ಹೋದರು. ಅಲ್ಲಿ ತಂತಿಯ ಮೇಲೆ ಅಕ್ಕನ ಮರೂನ್ ಬಣ್ಣದ ದಿಂಬಿನ ಕವರ್ ಒಣಗುತ್ತಿತ್ತು. ಅದರ ಮೇಲೆ ಬಿಳಿ ಮಚ್ಚೆಗಳು. ಅಲ್ಲಿಷ್ಟು ಇಲ್ಲಿಷ್ಟು ಅಲ್ಲ, ಒಂದು ಕೆನ್ನೆ, ಒಂದು ಗದ್ದ ಅಚ್ಚೊತ್ತಿದ ಹಾಗೆ. ನಾವೂ ಅದನ್ನು ನೋಡಿದ್ದೆವು. ಬಣ್ಣ ಕಚ್ಚಾ, ಅಂಗಡಿಯವನು ಮೋಸ ಮಾಡಿದ ಎಂದು ಅವ್ವ ಬೈದುಕೊಂಡಿದ್ದಳು.

ಬೀಗಿತ್ತಿಯಾಗಬೇಕಾದವರು ಒಳಗೆ ಬಂದು ಎರಡು ತುತ್ತು ತಿಂದು ಎಲೆ ಮಡಿಸಿದರು. "ಯಾಕಮ್ಮ, ಸಾರು ಹಿಡಿಸ್ಲಿಲ್ವಾ?" ಎಂದು ಅವ್ವ ಕೇಳಿದರೆ, "ಹಸಿವಿಲ್ಲ ಕಣವ್ವ" ಅಂದರು. ಲಗ್ನದ ಮಾತು ಎತ್ತಲೇ ಇಲ್ಲ. ವಾರ ಕಳೆದ ಮೇಲೆ, ಈ ವರ್ಷ ಬೇಡವೆಂದು ಹೇಳಿ ಕಳಿಸಿದರು.

ಕಾರಣ ತಿಳಿಸಿದ್ದು ಕುಣಿಗಲ್ ಲೈನು. ಕಾಲ್ ಇಲ್ಲದ ಹೊತ್ತು ನೋಡಿ ಅವರೇ ಹೇಳಿದರು. "ತುಮಕೂರು, ಅಮ್ಮ ನಿಮ್ಮನೆ ಹಿತ್ಲಲ್ಲಿ ದಿಂಬಿನ ಕವರ್ ನೋಡಿದಾರೆ. ನೀವು ತೊನ್ನಿನ ಡಾಕ್ಟ್ರ ಹತ್ರ ಹೋಗೋದೂ ಯಾರೋ ಹೇಳಿದಾರೆ. ಮೈ ಬಿಳುಪು ಬಟ್ಟೆಗೆ ಇಳಿದಿದೆ ಅಂತಾರೆ. ನಾನು ಹೇಳಿದ್ರೆ ಕೇಳ್ತಿಲ್ಲ. ನಂಗೆ ಮದ್ವೆ ಆಗ್ಬೇಕಾದ ತಂಗಿ ಒಬ್ಬಳು ಇದಾಳೆ..."

ಅಕ್ಕ ಅಂದು ಸಂಜೆಯೇ ನನ್ನನ್ನು ಕರೆದುಕೊಂಡು ಆ ಮಹಡಿ ಹತ್ತಿದಳು. ಸೆರಗು ಹೊದೆಯಲಿಲ್ಲ. ಡಾಕ್ಟರು ಹಣೆ ಚಚ್ಚಿಕೊಂಡರು. "ಆ ಕ್ರೀಮು ಬಣ್ಣದ ಬಟ್ಟೆಗೆ ತಾಗಿದ್ರೆ ಬಣ್ಣ ಹೋಗುತ್ತಮ್ಮ. ಅದಕ್ಕೇ ಬಿಳೀ ಟವಲ್ ಅಂದಿದ್ದು. ಬಟ್ಟೆ ಬಣ್ಣ ಬೇರೆ, ಚರ್ಮದ ಬಣ್ಣ ಬೇರೆ. ತೊನ್ನಿಗೂ ಇದಕ್ಕೂ ಸಂಬಂಧಾನೇ ಇಲ್ಲ. ನಾನು ಬರ್ದು ಕೊಡ್ಲಾ?"

"ಬೇಡ ಸಾರ್. ಬರ್ದಿದ್ದನ್ನ ಅವರು ನಂಬಲ್ಲ. ಕಣ್ಣಿಗೆ ತೋರಿಸ್ತೀನಿ."

ಮನೆಗೆ ಬಂದು ಒಂದು ಕೆಂಪು ರವಿಕೆ ಕಣವನ್ನು ಎರಡು ತುಂಡು ಮಾಡಿದಳು. ಒಂದಕ್ಕೆ ಕ್ರೀಮು ಸವರಿದಳು, ಒಂದನ್ನು ಹಾಗೇ ಬಿಟ್ಟಳು. ಬೆಳಿಗ್ಗೆಗೆ ಸವರಿದ ಜಾಗ ಮಾಸಿತ್ತು. ಇನ್ನೂ ಎರಡು ದಿನ ಹಾಗೇ ಸವರಿದ ಮೇಲೆ ಬೆಳ್ಳಗಾಯಿತು. ಎರಡು ತುಂಡೂ ಕ್ರೀಮಿನ ಟ್ಯೂಬೂ ಬ್ಯಾಗಿಗೆ ಹಾಕಿಕೊಂಡು, ಭಾನುವಾರ ನನ್ನ ಜೊತೆ ಕುಣಿಗಲ್ ಬಸ್ಸು ಹತ್ತಿದಳು. ಹೆಣ್ಣಿನ ಕಡೆಯವರು, ಅದರಲ್ಲೂ ಹೆಣ್ಣೇ, ಹೀಗೆ ಹೋಗುವುದುಂಟೇ ಎಂದು ಅವ್ವ ಅತ್ತಳು. ಅಜ್ಜಿ ಮಾತ್ರ, "ಹೋಗ್ಲಿ ಬುಡು. ಬಾಯಿ ಇರೋಳು ಬದುಕ್ತಾಳೆ" ಅಂದಿತು.

ಆ ತಾಯಿ ಕೆಟ್ಟವರಲ್ಲ. "ಬಾರವ್ವ, ಬಿಸ್ಲಾಗೆ ಬಂದಿದೀಯ" ಎಂದು ಚಾಪೆ ಹಾಸಿದರು, ಮಜ್ಜಿಗೆ ಕೊಟ್ಟರು. ಮಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು.

"ಅಮ್ಮಾ, ನಂಗೆ ತೊನ್ನಿಲ್ಲ. ನೋಡಿ" ಎಂದು ಅಕ್ಕ ಕೈ ಚಾಚಿದಳು. ಮೊಣಕೈ ತಿರುಗಿಸಿದಳು. ಸೆರಗು ಸರಿಸಿ ಕುತ್ತಿಗೆ ತೋರಿಸಿದಳು. ಹಸು ಕೊಳ್ಳುವವರು ನೋಡುವ ಹಾಗೆ ನೋಡಿ ಎಂದು ತಾನೇ ತನ್ನ ಮೈಯನ್ನು ತಿರುತಿರುಗಿಸುತ್ತಿದ್ದಳು. ನಾನು ಮಜ್ಜಿಗೆ ಲೋಟ ನೋಡುತ್ತಾ ಕೂತೆ.

ಆಮೇಲೆ ತುಂಡುಗಳನ್ನು ಚಾಪೆಯ ಮೇಲೆ ಹರಡಿ ಎಲ್ಲ ಬಿಡಿಸಿ ಹೇಳಿದಳು. ಆ ತಾಯಿ ಬೆಳ್ಳಗಾದ ತುಂಡನ್ನು ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದರು, ಮೂಸಿದರು.

"ಇದು ಈ ಟ್ಯೂಬಿಂದ್ಲೇ ಆಗಿದ್ದಾ?"

"ಹೂಂ ಅಮ್ಮ. ನಾನೇ ಹಚ್ಚಿ ನೋಡ್ದೆ."

"ಸರಿ ಬುಡು, ತೊನ್ನಲ್ಲ. ಒಪ್ಕೊಂಡೆ." ಅಕ್ಕನ ಮುಖ ಅರಳಿತು. ಅಷ್ಟರಲ್ಲಿ ಅವರು ತುಂಡನ್ನು ಮಡಿಸುತ್ತಾ ಅಂದರು, "ಅಲ್ಲ ಕಣವ್ವ, ಎಷ್ಟು ಒಗೆದ್ರೂ ಹೋಗದ ಬಣ್ಣವ ತಿನ್ನೋ ಮದ್ದು, ಮೈ ಬಣ್ಣವ ಬುಟ್ಟೀತಾ? ಇವತ್ತು ಬಟ್ಟೆ, ನಾಳಿಕೆ ನೀನು. ನನ್ ಮಗಾನೂ ಆ ದಿಂಬಿನ ಮೇಲೇ ತಾನೇ ತಲೆ ಇಡ್ಬೇಕು?"

"ಡಾಕ್ಟ್ರು ಹೇಳಿದಾರಮ್ಮ, ಚರ್ಮಕ್ಕೆ ಹಂಗಾಗಲ್ಲ ಅಂತ."

"ಡಾಕ್ಟ್ರು ಅವರ ಮನೆಗೆ ಇಂಥ ಸೊಸೇನ ತರ್ತಾರಾ?"

ಅಕ್ಕ ಟ್ಯೂಬನ್ನು ದೂರ ಸರಿಸಿದಳು. "ಹಂಗಿದ್ರೆ ಹಚ್ಚೋದೇ ಬಿಡ್ತೀನಿ. ಇವತ್ತಿಂದ್ಲೇ."

"ಬುಟ್ರೆ ಗುಳ್ಳೆ ಮತ್ತೆ ಏಳ್ತವಲ್ಲವ್ವ." ಅವರು ಅದನ್ನು ಮರುಕದಿಂದಲೇ ಹೇಳಿದರು. ಆಮೇಲೆ ಮಗನ ಕಡೆ ತಿರುಗಿದರು. "ಏನ್ಲಾ, ನೀನೇನಂತೀಯ?"

ಅವರು ಆ ತುಂಡನ್ನು ನೋಡುತ್ತಿದ್ದರು, ಅಕ್ಕನನ್ನಲ್ಲ. "ನೀನು ಹೇಳ್ದಂಗೆ, ಅಮ್ಮ" ಅಂದರು.

ಲೈನಿನಲ್ಲಿ ಉಸಿರು ಕೇಳಿಯೇ ಆಚೆಯವರು ನಕ್ಕರೋ ಇಲ್ಲವೋ ಹೇಳುತ್ತಿದ್ದವಳು ನನ್ನ ಅಕ್ಕ. ಆ ದನಿಯಲ್ಲಿ ಇನ್ನು ಕೇಳುವುದಕ್ಕೆ ಏನೂ ಉಳಿದಿಲ್ಲವೆಂದು ಅವಳಿಗೆ ತಿಳಿಯಿತು. ತುಂಡುಗಳನ್ನು ಬ್ಯಾಗಿಗೆ ಹಾಕಿಕೊಂಡು ಎದ್ದಳು.

ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದೆಂದು ಆ ತಾಯಿ ತೆಂಗಿನಕಾಯಿ, ಎಲೆಯಡಿಕೆ ಕೊಟ್ಟು, ಕುಂಕುಮ ಇಟ್ಟು, ಎರಡೂ ಕೆನ್ನೆಗೆ ಅರಿಶಿನ ಸವರಿದರು. ತಿಂಗಳುಗಟ್ಟಲೆ ಅರಿಶಿನದಿಂದ ದೂರ ಇಟ್ಟಿದ್ದ ಮುಖ ಅದು. ಅಕ್ಕ ಕಣ್ಣು ಮುಚ್ಚಿಕೊಂಡು ಹಚ್ಚಿಸಿಕೊಂಡಳು. ಬಸ್ಸಿನಲ್ಲಿ ಬೆವರಿಗೆ ಅರಿಶಿನ ಕರಗಿ ಕುತ್ತಿಗೆಗೆ ಇಳಿಯತೊಡಗಿತು. ಬೆವರೋ ಕಣ್ಣೀರೋ, ನಾನು ಕೇಳಲಿಲ್ಲ. ಕರ್ಚೀಫು ಕೊಟ್ಟೆ. ಆಗಲೂ ಅವಳು ಒರೆಸಿಕೊಳ್ಳಲಿಲ್ಲ. ಡಾಕ್ಟರು ಹೇಳಿದ ಹಾಗೆ, ಮೆಲ್ಲಗೆ ಒತ್ತಿಕೊಂಡಳು.

ಅದೇ ವಾರ ತುಮಕೂರಿನಿಂದ ಬಿಳಿ ಬಟ್ಟೆ ತಂದು ದಿಂಬಿನ ಕವರ್ ಹೊಲಿದುಕೊಂಡಳು. "ಬರೀ ಬಿಳಿ ಯಾಕವ್ವ, ಒಂದು ಹೂವಾದ್ರೂ ಹಾಕ್ಬಾರ್ದಾ" ಎಂದು ಅವ್ವ ಅಂದಳು. ಅಕ್ಕ ಹಾಕಲಿಲ್ಲ. ಕ್ರೀಮು ಬಿಡಲೂ ಇಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ಅವಳ ಮುಖದ ಮೇಲೆ ಕಲೆಯ ನೆರಳೂ ಉಳಿದಿರಲಿಲ್ಲ. ಆ ಹೊತ್ತಿಗೆ ಕುಣಿಗಲ್ಲಿನವರಿಗೆ ಬೇರೆ ಕಡೆ ಮದುವೆಯಾಗಿತ್ತು. ನಮ್ಮ ಮನೆಗೆ ಬೇರೆಯವರೂ ಬಂದರು, ಮುಖವನ್ನೂ ಮೆಚ್ಚಿದರು. ಅಕ್ಕನೇ ಬೇಡವೆಂದಳು. ಆ ಚಾಪೆಯ ಮೇಲೆ ಒಂದು ಸಲ ಕೈ ತಿರುಗಿಸಿ ತೋರಿಸಿದ್ದಾಗಿತ್ತು. ಇನ್ನೊಂದು ಸಲ ತೋರಿಸಲಾರೆ ಅಂದಳು.

ವರ್ಷಗಳ ಮೇಲೆ ಅವಳು ತುಮಕೂರಿನ ಸದಾಶಿವನಗರದಲ್ಲಿ ಒಂದು ಸಣ್ಣ ಮನೆ ಮಾಡಿದಾಗ ನಾನು ಹೋಗಿದ್ದೆ. ಹಾಸಿಗೆಯ ಮೇಲೆ ಬಿಳಿಯ ದಿಂಬು. ಸಂಜೆ ಕಾಫಿ ಕುಡಿಯುತ್ತಾ ತಡೆಯಲಾರದೆ ಕೇಳಿದೆ, "ಅಕ್ಕಾ, ಕುಣಿಗಲ್ ಲೈನು ಈಗ್ಲೂ ನಿನ್ನ ಬೋರ್ಡಿಗೇ ಬರುತ್ತಾ?"

"ಬರ್ದೆ ಎಲ್ಲಿಗೆ ಹೋಗುತ್ತೆ?"

"ಮಾತಾಡ್ತಾರಾ?"

"ಮಾತಾಡ್ದೆ ಕಾಲ್ ಕೊಡೋಕಾಗುತ್ತೇನೇ? 'ತುಮಕೂರು' ಅಂತಾರೆ. 'ಕುಣಿಗಲ್, ಮಾತಾಡಿ' ಅಂತೀನಿ." ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ಒಮ್ಮೆ ಅಲ್ಲಾಡಿಸಿ ಕುಡಿದು ಇಟ್ಟಳು. "ಊಟ ಆಯ್ತಾ ಅಂತ ಕೇಳಲ್ಲ, ಅಷ್ಟೆ."