ಎರಡು ಸ್ಕ್ರೂ, ಮೂರು ಸ್ಕ್ರೂ

ಜಯಂತಿಯ ಗಿಟಾರು ಅಸಲಿ. ಅದನ್ನು ನಕಲಿ ಎಂದು ಹೇಳಿದವನು ನಾನು — ಗೊತ್ತಿಲ್ಲದೆ ಅಲ್ಲ, ಚೆನ್ನಾಗಿ ಗೊತ್ತಿದ್ದೇ ಹೇಳಿದೆ. ಆ ಸುಳ್ಳನ್ನು ಹನ್ನೊಂದು ವರ್ಷ ಸಾಕಿದೆ.

ತಮಿಳುನಾಡಿನ ತೇನಿಯಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ; ನಮ್ಮ ಮನೆಮಾತು ಕನ್ನಡ. ಹಾರ್ಮೋನಿಯಂ, ಕೀಬೋರ್ಡು, ಗಿಟಾರು ಯಾವುದು ಕೆಟ್ಟರೂ ಸರಿಮಾಡಿ ಕೊಡುತ್ತೇನೆ. ಮದುವೆಯ ತಿಂಗಳುಗಳಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತೇನೆ. ಯಾರು ಬೆಲೆಬಾಳುವ ಗಿಟಾರು ಕೊಂಡರೂ, ‘ಅಸಲೋ ಡೂಪ್ಲಿಕೇಟೋ, ಬೊಮ್ಮಣ್ಣನ್ನ ಕೇಳು’ ಎಂದು ನನ್ನ ಹತ್ತಿರ ಕಳಿಸುತ್ತಾರೆ. ಗಿಟಾರು ಬಲ್ಲವನೆಂಬ ಹೆಸರು ನನಗೆ ಹೇಗೆ ಬಂತು — ಅದನ್ನು ಮೊದಲು ಹೇಳಿಬಿಡಬೇಕು.

ಎರಡು ವರ್ಷ ದುಡ್ಡು ಕೂಡಿಟ್ಟು, ಅಮೆರಿಕದ ದೊಡ್ಡ ಕಂಪನಿಯ ಎಲೆಕ್ಟ್ರಿಕ್ ಗಿಟಾರೊಂದನ್ನು ದಿಂಡಿಗಲ್‌ನ ಒಬ್ಬರಿಂದ ಕೊಂಡಿದ್ದೆ. ಅಳಿಯ ಹೊರದೇಶದಿಂದ ತಂದದ್ದು ಎಂದಿದ್ದರು. ಜೇನಿನ ಬಣ್ಣ, ಕನ್ನಡಿಯಂಥ ಹೊಳಪು. ನಾನದನ್ನು ಮಗುವಿನಂತೆ ಎತ್ತಿಕೊಂಡು ತಿರುಗಿದೆ. ಒಂದು ದಿನ ತಂತಿ ಬದಲಿಸುವಾಗ, ಗಿಟಾರಿನ ತಲೆಯ ಮೇಲಿನ ಪುಟ್ಟ ಮುಚ್ಚಳದ ಒಂದು ಸ್ಕ್ರೂ ಕಳೆದುಹೋಯಿತು. ಅಂಥದ್ದೇ ಬೇಕೆಂದು ಚೆನ್ನೈನ ಅಂಗಡಿಗೆ ಫೋನು ಮಾಡಿದೆ.

“ಆ ಮುಚ್ಚಳಕ್ಕೆ ಎಷ್ಟು ಸ್ಕ್ರೂ ಸಾರ್?” ಎಂದರು.

“ಮೂರು.”

ಆ ಕಡೆಯಿಂದ ಬಹಳ ಮೆತ್ತಗೆ, “ಸಾರ್, ಆ ಕಂಪನಿಯವರು ಎರಡೇ ಹಾಕ್ತಾರೆ.”

ಅಂಗಡಿಯ ಬಾಗಿಲು ಹಾಕಿ ಗಿಟಾರನ್ನು ಪೂರ್ತಿ ಬಿಚ್ಚಿದೆ. ಕಂಪನಿಯ ಹೆಸರು ಬರೀ ಅಂಟಿಸಿದ ಸ್ಟಿಕ್ಕರು. ಉಗುರು ತಾಗಿಸಿದರೆ ಅಂಚು ಸಿಗುತ್ತಿತ್ತು. ಕತ್ತಿನ ಮೇಲಿನ ಲೋಹದ ಪಟ್ಟಿಗಳ ತುದಿ ಬೆರಳಿಗೆ ಕೊರೆಯುತ್ತಿತ್ತು. ಒಳಗೆ ತೆಳು ತೆಳು ವೈರು, ಉಂಡೆಯುಂಡೆ ಬೆಸುಗೆ. ನಕಲಿಯ ಒಂದೊಂದು ಗುರುತನ್ನೂ ನಾನು ಕಲಿತದ್ದು ಹೀಗೆ, ನನ್ನದೇ ಗಿಟಾರಿನ ಮೇಲೆ. ಯಾರಿಗೂ ಹೇಳಲಿಲ್ಲ. ಕಳೆದ ಸ್ಕ್ರೂವಿನ ಜಾಗಕ್ಕೆ ಬೇರೊಂದನ್ನು ಹಾಕಿ, ಆ ಮೂರು ಸ್ಕ್ರೂಗಳ ಮೇಲೆ ಮುರುಗನ ಪುಟ್ಟ ಪಟವೊಂದನ್ನು ಅಂಟಿಸಿದೆ. ಎಷ್ಟು ಭಕ್ತಿ ನೋಡು ಎಂದರು ಜನ.

ಹಾಗಿರುವಾಗ ಜಯಂತಿ ಬಂದಳು. ಉತ್ತಮಪಾಳಯಂನ ನಮ್ಮ ಚಿಕ್ಕಪ್ಪನ ಮಗಳು. ಕೊಡೈಕನಾಲ್‌ನ ಒಂದು ಶಾಲೆಯ ಆಫೀಸಿನಲ್ಲಿ ಆರು ವರ್ಷ ಕೆಲಸ ಮಾಡಿದ್ದಳು. ಅಲ್ಲಿನ ಸಂಗೀತದ ಸೆಲಿನ್ ಟೀಚರು ದಿನವೂ ಸಂಜೆ ಅವಳನ್ನು ಕೂರಿಸಿಕೊಂಡು ಗಿಟಾರು ಕಲಿಸಿದ್ದರು. ಅವರು ನಿವೃತ್ತರಾಗಿ ದಿಂಡಿಗಲ್‌ನ ತಂಗಿಯ ಮನೆಗೆ ಇಳಿದು ಬರುವ ಮುಂಚೆ, ಹಡಗಿನಲ್ಲಿ ಕೆಲಸಕ್ಕಿದ್ದ ಅಣ್ಣ ತಮಗೆ ತಂದುಕೊಟ್ಟಿದ್ದ ಗಿಟಾರನ್ನು ಅವಳಿಗೆ ಮಾರಿದರು. ಜಯಂತಿ ಘಾಟಿ ಇಳಿದು, ಬತ್ತಲಗುಂಡಿನಲ್ಲಿ ಬಸ್ಸು ಬದಲಿಸಿ, ಮನೆಗೂ ಹೋಗದೆ ನೇರ ನನ್ನ ಅಂಗಡಿಗೆ ಬಂದಿದ್ದಳು.

“ಅಣ್ಣಾ, ನೋಡಿ ಯೋಳು. ಅಸಲು ತಾನೆ?”

ನನ್ನ ಗಿಟಾರಿನ ಕಂಪನಿಯದೇ. ಮುಚ್ಚಳಕ್ಕೆ ಎರಡು ಸ್ಕ್ರೂ. ಹೆಸರು ಮರದೊಳಗೇ ಕೂತಿತ್ತು. ಪಟ್ಟಿಗಳ ತುದಿ ನದಿಯ ಕಲ್ಲಿನಂತೆ ನುಣುಪು. ಹಿಂಬದಿ ಬಿಚ್ಚಿದೆ — ಒಳಗಿನ ಒಂದೊಂದು ವೈರೂ ಹೆಣೆದ ಜಡೆಯ ಹಾಗೆ. ಅಷ್ಟು ಚೆಂದದ ವಸ್ತುವನ್ನು ನಾನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಮುರುಗನ ಪಟದಡಿಯ ನನ್ನ ಮೂರು ಸ್ಕ್ರೂ ನೆನಪಾದವು.

“ಎಷ್ಟು ವಿಲೆಗೆ ಕೊಟ್ರು?” ಎಂದೆ. ಹೇಳಿದಳು. ಅಸಲಿನ ಬೆಲೆಯ ಕಾಲುಭಾಗವೂ ಅಲ್ಲ.

“ತಂಗಚ್ಚೀ, ಅಸಲನ್ನ ಯಾರಾನ ಆ ವಿಲೆಗೆ ಕೊಡ್ತಾರಾ? ಇದು ಡೂಪ್ಲಿಕೇಟು.”

ಟೀಚರು ಪ್ರೀತಿಯಿಂದ ಇಳಿಸಿದ ಬೆಲೆಯನ್ನೇ ಅವರ ಮೇಲೆ ಸಾಕ್ಷಿಯಾಗಿ ತಿರುಗಿಸಿದೆ. ಅದೂ ಒಂದು ಕ್ಷಣ ತಡವರಿಸದೆ.

“ಟೀಚರಿಗೆ ಗೊತ್ತಿದ್ದೇ ಕೊಟ್ಟಿರ್ತಾರಾ?” ಎಂದು ಕೇಳಿದಳು. ಅವರಿಗೂ ಗೊತ್ತಿರಲಿಕ್ಕಿಲ್ಲ ಎಂದಿದ್ದರೆ ಸಾಕಿತ್ತು — ಒಂದು ಸುಳ್ಳಿನ ಮೇಲೆ ಇನ್ನೊಂದು ಸಣ್ಣ ಸುಳ್ಳು. ನಾನು ಭುಜ ಕುಣಿಸಿ ಸುಮ್ಮನಾದೆ. ಈಗ ನೆನೆದರೆ, ಬಾಯಿಬಿಟ್ಟು ಆಡಿದ ಮಾತಿಗಿಂತ ಆ ಭುಜ…

ಜಯಂತಿ ತಲೆ ಬಗ್ಗಿಸಿ ತಂತಿಯನ್ನೊಮ್ಮೆ ಮೀಟಿದಳು. ಆಮೇಲೆ ನಕ್ಕಳು. “ಪರವಾಯಿಲ್ಲ ಬಿಡಣ್ಣ. ಸದ್ದು ಚೆನ್ನಾಗೈತೆ. ಅದು ಡೂಪ್ಲಿಕೇಟಾದ್ರೆ ಏನು, ಬಾರ್ಸೋಳು ಅಸಲು ತಾನೆ?”

ಆಮೇಲೆ ಶುರುವಾಯಿತು ನನ್ನ ಪಾಡು. ಅವಳು ನಮ್ಮ ಆರ್ಕೆಸ್ಟ್ರಾಕ್ಕೇ ಸೇರಿದಳು. ನಕಲಿ ಗಿಟಾರಲ್ಲವೇ, ಅದಕ್ಕೆಂಥ ಜೋಪಾನ? ವ್ಯಾನಿನಲ್ಲಿ ಸ್ಪೀಕರ್ ಪೆಟ್ಟಿಗೆಗಳ ಮೇಲೆ ಎಸೆಯುವಳು. ಬಾಳೆಗೊನೆಗಳ ನಡುವೆ ತುರುಕಿ ಟೌನ್ ಬಸ್ಸಿನಲ್ಲಿ ತರುವಳು. ಒಡ್ಡನ್‌ಛತ್ರಂನ ತರಕಾರಿ ಮಂಡಿಯವರೊಬ್ಬರ ಮನೆಯ ಮದುವೆಯಲ್ಲಿ ಬಿಸಿ ಟೀ ಲೋಟವನ್ನು ಅದರ ಮೇಲೇ ಇಟ್ಟು ಹರಟೆ ಹೊಡೆದಳು. ನನ್ನ ಎದೆ ಸುಟ್ಟಿತು. ಮೆಲ್ಲಗೆ ಹೋಗಿ ಲೋಟದಡಿ ನನ್ನ ಟವೆಲು ಮಡಚಿಟ್ಟೆ.

“ನಮ್ಮಣ್ಣ ಡೂಪ್ಲಿಕೇಟಿಗೂ ಎಷ್ಟು ಮರ್ಯಾದೆ ಕೊಡ್ತಾನೆ ನೋಡಿ” ಎಂದು ಎಲ್ಲರಿಗೂ ಹೇಳಿದಳು.

ತಬಲದ ಚಿನ್ನಸಾಮಿ ಒಂದು ಸಲ, “ಬೊಮ್ಮಣ್ಣಾ, ಅವಳ ಡೂಪ್ಲಿಕೇಟು ನಿನ್ನ ಅಸಲಿಗಿಂತ ಚೆನ್ನಾಗಿ ಕೇಳ್ತದಲ್ಲ” ಎಂದ. ವ್ಯಾನಿನಲ್ಲಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು ನಕ್ಕೆ.

ಹೀಗೆಯೇ ಹನ್ನೊಂದು ವರ್ಷ. ಹೋದ ಪೊಂಗಲ್ ಆದಮೇಲೆ ಜಯಂತಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಳು. “ಅಣ್ಣಾ, ಅಸಲು ಒಂದು ತಗೋಬೇಕು ಅಂತ ಇದೀನಿ. ಇದನ್ನ ಯಾರಿಗಾನ ಕೊಟ್ಬಿಡ್ತೀನಿ. ನೀನು ಬಂದು ನೋಡಿ ಯೋಳ್ಬೇಕು. ನಿನ್ನ ಕಣ್ಣಿದ್ರೆ ನನಗೆ ಭಯವಿಲ್ಲ.”

ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ‘ನಿನ್ನ ಕಣ್ಣು’ ಎಂದಳಲ್ಲ — ನನ್ನ ಕೈಯಲ್ಲಾಗಲಿಲ್ಲ.

“ಜಯಂತಿ, ಅಸಲು ನಿನ್ನ ಹತ್ರವೇ ಐತೆ.”

ನನ್ನ ಗಿಟಾರು ತಂದು ಮುರುಗನ ಪಟ ಕಿತ್ತೆ. ಅವಳು ಬೆರಳಿಟ್ಟು ಎಣಿಸಿದಳು — ಮೂರು. ತನ್ನದನ್ನು ಎಣಿಸಿದಳು — ಎರಡು. ನಾನು ಎಲ್ಲವನ್ನೂ ಹೇಳಿದೆ. ಮೊದಲು ಅವಳ ಭುಜ ಅಲುಗಿತು; ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅಯ್ಯೋ, ಇದರ ಮೇಲೆ ಎಷ್ಟು ಟೀ ಇಟ್ಟಿವ್ನಿ ನಾನು” ಎಂದಳು. ನಾನೂ ನಗತೊಡಗಿದೆ. ಇಷ್ಟು ಸುಲಭವೇ ಎಂದುಕೊಂಡೆ.

ಅವಳ ನಗು ನಿಂತಿತು. “ಸೆಲಿನ್ ಟೀಚರು” ಎಂದಳು.

ಅವರು ಬರೆದ ಕಾಗದಗಳಿಗೆ ಅವಳು ಉತ್ತರ ಬರೆದಿರಲಿಲ್ಲ. ಫೋನು ಬಂದರೆ ಎತ್ತುತ್ತಿರಲಿಲ್ಲ. ಇದೊಂದೂ ನನಗೆ ಗೊತ್ತಿರಲಿಲ್ಲ — ಗೊತ್ತು ಮಾಡಿಕೊಳ್ಳಲು ನಾನು ಕೇಳಿಯೂ ಇರಲಿಲ್ಲ.

“ಗಿಟಾರನ್ನ ನೀನು ಏನು ಯೋಳಿದ್ರೂ ಪರವಾಯಿಲ್ಲಣ್ಣ. ಅವರನ್ನ ಕಳ್ಳಿ ಮಾಡ್ಬಿಟ್ಟೆ. ನೀನೇ ಬಂದು ಯೋಳು.”

ಮುಂದಿನ ಭಾನುವಾರ ಇಬ್ಬರೂ ದಿಂಡಿಗಲ್‌ಗೆ ಬಸ್ಸು ಹತ್ತಿದೆವು. ಎರಡು ಗಂಟೆಯ ದಾರಿಯೂ ಅಲ್ಲ. ಬಾಗಿಲು ತೆರೆದ ಟೀಚರು ಅವಳನ್ನು ನೋಡಿ, ಇಷ್ಟು ವರ್ಷ ಎಲ್ಲಿದ್ದೆ ಎಂದು ಕೇಳಲಿಲ್ಲ. “ಗಿಟಾರು ಚೆನ್ನಾಗಿದೆಯಾ?” ಎಂದು ತಮಿಳಿನಲ್ಲಿ ಕೇಳಿದರು. ನಾನು ನಿಂತುಕೊಂಡೇ ಎಲ್ಲ ಹೇಳಿ ಕ್ಷಮೆ ಕೇಳಿದೆ. ಕೇಳಿ ಮುಗಿದ ಮೇಲೆ ಅವರು ನನ್ನತ್ತ ತಿರುಗಿ, “ನಿಮ್ಮದಕ್ಕೆ ಎಷ್ಟು ಸ್ಕ್ರೂ?” ಎಂದರು.

“ಮೂರು ಟೀಚರ್.”

ಅವರು ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು. ಕಾಫಿ ತಂದುಕೊಟ್ಟರು. ನಾನು ಕೇಳಿದ ಕ್ಷಮೆಯ ವಿಷಯ ಎತ್ತಲಿಲ್ಲ.

ಜಯಂತಿ ಗಿಟಾರನ್ನು ಅವರ ಮಡಿಲಿಗಿಟ್ಟಳು. ಅವರು ಎಡಗೈಯನ್ನು ಕತ್ತಿನ ಮೇಲೆ ತಂದರು. ಬೆರಳ ಗಿಣ್ಣುಗಳು ಊದಿದ್ದವು, ಮಡಚಲಿಲ್ಲ. “ಇವು ಹೀಗೆ ಆಗಿ ಮೂರು ವರ್ಷವಾಯಿತು” ಎಂದರು, ಬಸ್ಸು ಹೋಯಿತು ಎಂದು ಹೇಳುವಷ್ಟು ಸಹಜವಾಗಿ. “ಅಷ್ಟು ಕಡಿಮೆಗೆ ಯಾಕೆ ಕೊಟ್ಟೆ ಗೊತ್ತಾ? ಆಗಾಗ ಇಲ್ಲಿಗೆ ತಂದು ನನ್ನ ಜೊತೆ ನುಡಿಸುತ್ತಾಳೆ ಅಂತ.”

ಜಯಂತಿ ಅವರ ಪಕ್ಕಕ್ಕೆ ಒತ್ತಿಕೊಂಡು ಕೂತಳು. ತನ್ನ ಎಡಗೈಯಿಂದ ತಂತಿ ಒತ್ತಿದಳು. ಟೀಚರು ಬಲಗೈ ಹೆಬ್ಬೆರಳಿನಿಂದ ಮೀಟಿದರು. ಮೊದಮೊದಲು ತಾಳ ತಪ್ಪಿತು, ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ನಕ್ಕರು. ಆಮೇಲೆ ಹಾಡು ಕೂಡಿಬಂತು.

ಆರ್ಕೆಸ್ಟ್ರಾದವರಿಗೂ ಹೇಳಿದ್ದೇನೆ. ಬೋಡಿಯ ಮದುವೆಮನೆ ತಲಪುವ ತನಕ ವ್ಯಾನಿನಲ್ಲಿ ನಗು ನಿಲ್ಲಲಿಲ್ಲ, ನಗಲಿ. ಭಾನುವಾರ ಬಿಡುವಿದ್ದಾಗ ಜಯಂತಿಯ ಜೊತೆ ನಾನೂ ದಿಂಡಿಗಲ್‌ಗೆ ಹೋಗುತ್ತೇನೆ, ಎದುರಿನ ಕುರ್ಚಿಯಲ್ಲಿ ಕೂತು ಕೇಳುತ್ತೇನೆ. ಒಂದೇ ಗಿಟಾರಿನ ಮೇಲೆ ಇಬ್ಬರ ಕೈ — ಚೆನ್ನಾಗಿಯೇ ಕೇಳುತ್ತದೆ. ಆದರೂ ನನ್ನ ಕಣ್ಣು ಟೀಚರ ಎಡಗೈಯ ಮೇಲೆಯೇ ಇರುತ್ತದೆ. ನನ್ನ ಸುಳ್ಳಿನ ಹನ್ನೊಂದು ವರ್ಷಗಳಲ್ಲಿ ಎಂಟು ವರ್ಷ ಆ ಬೆರಳುಗಳು ಚೆನ್ನಾಗಿ ಮಡಚುತ್ತಿದ್ದವು.