ಮಾಶಾಕ ಚಾಚಾರ ಗಾಲಿ ಬೇರಿಂಗು
ಬೆಟಗೇರಿಯ ನಮ್ಮ ಓಣಿಯ ಮಾಶಾಕ ಚಾಚಾ ತಮ್ಮ ಹಳೆಯ ಕಾರನ್ನು ಯಾವ ಗ್ಯಾರೇಜಿಗೂ ಒಪ್ಪಿಸಿದವರಲ್ಲ. "ನನ್ನ ಗಾಡಿ ನಾನ ಬಿಚ್ಚತೀನಿ, ನಾನ ಕಟ್ಟತೀನಿ" ಎಂದು ಅವರು ಅಂಗಳದಲ್ಲಿ ಜಾಕ್ ಹಚ್ಚಿ ಸುತ್ತಿಗೆ ಹಿಡಿದರೆ ಮೂರು ಮನೆಯಾಚೆಗಿನ ಪಾತ್ರೆಗಳೂ ನಡುಗುತ್ತವೆ. ಕಳೆದ ವಾರ ಮುಂದಿನ ಗಾಲಿಗಳ ಬೇರಿಂಗು ಸವೆದು ಗುಂಯ್ ಎನ್ನುತ್ತಿದ್ದವು. ತಣ್ಣಗಾಗಿ ತುಸು ಕುಗ್ಗಿದರೆ ಸಲೀಸಾಗಿ ಕೂಡುತ್ತವೆಂದು ಹೊಸ ಬೇರಿಂಗುಗಳನ್ನು ಫ್ರಿಜ್ಜಿನ ಬರ್ಫದ ಖಾನೆಯಲ್ಲಿಟ್ಟು, ಹೆಂಡತಿ ಹಸೀನಾಬಿಯವರ ಮಟನ್ನು ಹೊರಗೆ ಹಾಕಿದರು. ಕೂಡಿಸಿದ ಮೇಲೆ ಗಾಲಿ ತಿರುಗಿಸಿ, ಅದರ ಮೇಲಿನ ಸ್ಪ್ರಿಂಗಿಗೆ ಅಂಗೈಯಿಟ್ಟು, ಅದುರುತ್ತದೆಯೇನೋ ಎಂದು ಕಣ್ಣು ಮುಚ್ಚಿ ನಿಂತರು. "ಕೈಗೆ ಎಲ್ಲಾ ತಿಳೀತೈತಿ" ಎಂದರು. ನಾನದನ್ನು ಜಂಬವೆಂದುಕೊಂಡೆ. ಮರುದಿನ ಬಾಣಂತನ ಮುಗಿದ ಮಗಳು ಅಫ್ರೀನಳನ್ನೂ ಕೂಸನ್ನೂ ಹಮ್ಮಿಗಿಯ ಗಂಡನ ಮನೆಗೆ ಮುಟ್ಟಿಸಬೇಕಿತ್ತು. ಅದಕ್ಕೇ ಅಂದು ಸಂಜೆ ಹಸೀನಾಬಿಯನ್ನೂ ನನ್ನನ್ನೂ ಕೂಡಿಸಿಕೊಂಡು ಮುಂಡರಗಿ ರಸ್ತೆಯಲ್ಲಿ ಕಾರು ಓಡಿಸಿ ನೋಡಿದರು. ದಾರಿಯುದ್ದಕ್ಕೂ ಸ್ಟೇರಿಂಗಿಗೆ ಅಂಗೈ ಒತ್ತಿ ಹಿಡಿದಿದ್ದರು. ಬದಿಗೆ ನಿಲ್ಲಿಸಿ ಹಸೀನಾಬಿಯ ಕಡೆ ಪೂರ್ತಿ ತಿರುಗಿ, "ಗುಂಯ್ ಅಂತೇನು? ಖರೆ ಹೇಳು, ಕೂಸು ಕುಂಡ್ರೂ ಗಾಡಿ" ಎಂದರು. ಮೂವತ್ತು ವರ್ಷ ಪಾವರ್‌ಲೂಮಿನ ಸದ್ದಿನಲ್ಲಿ ದುಡಿದು ಅವರ ಕಿವಿ ಮಂದವಾಗಿವೆಯೆಂದು ನನಗೆ ತಿಳಿದದ್ದು ಆಗಲೇ. ಅವರ ಕಣ್ಣು ಹೆಂಡತಿಯ ತುಟಿಯ ಮೇಲಿತ್ತು. ಹಸೀನಾಬಿ ಒಂದೊಂದೇ ಶಬ್ದ ಬಿಡಿಸಿ, "ಒಂಚೂರೂ ಸಪ್ಪಳ ಇಲ್ರಿ. ನಾಳಿ ಆರಾಮ ಹೋಗೂಣು" ಎಂದರು. ಚಾಚಾ ಸೀಟಿಗೆ ಒರಗಿ ದೀರ್ಘವಾಗಿ ಉಸಿರು ಬಿಟ್ಟರು.